ಚರಗ ಹೋದ ಗೆರೆ

ಸುನೀತಾ ಹುಟ್ಟಿದಾಗ ಅವಳ ಊರು ದಾವಣಗೆರೆ ಜಿಲ್ಲೆಯಲ್ಲಿತ್ತು. ಡಿಗ್ರಿ ಮುಗಿಸುವ ಹೊತ್ತಿಗೆ ಬಳ್ಳಾರಿಗೆ ಸೇರಿತ್ತು. ಎಂ.ಎಸ್ಸಿ. ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ವಿಜಯನಗರ ಜಿಲ್ಲೆಯಾಗಿತ್ತು. ಹರಪನಹಳ್ಳಿ ಹತ್ತಿರದ ಆ ಮನೆ ಮಾತ್ರ ಒಂದಿಂಚೂ ಅಲುಗಾಡಿರಲಿಲ್ಲ. "ಕಟ್ಟಿ ಮ್ಯಾಲೆ ಕುಂತಲ್ಲೇ ಮೂರು ಜಿಲ್ಲಾ ತಿರುಗಿ ಬಂದ್ವಿ ನೋಡು, ಬಸ್ ಚಾರ್ಜೂ ಇಲ್ಲ" ಎಂದು ಅವಳ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಅಂಥ ಮನೆಯ ಹುಡುಗಿಗೆ ಸಿಕ್ಕ ಕೆಲಸವೂ ಅಂಥದ್ದೇ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಸುಕ್ಷೇಮ ಟ್ರಸ್ಟಿನ ಎರಡು ಕೋಣೆಯ ಆಫೀಸು. ಟ್ರಸ್ಟಿಗೆ ಒಂದೇ ಒಂದು ದವಾಖಾನೆ ಗಾಡಿ. ಅದು ವಾರಕ್ಕೊಮ್ಮೆ ಒಂದೊಂದು ಊರಿಗೆ ಹೋಗಿ ಹೆಂಗಸರ ರಕ್ತ ಪರೀಕ್ಷೆ ಮಾಡಿ, ಔಷಧಿ ಕೊಟ್ಟು ಬರುತ್ತಿತ್ತು. ಗಾಡಿ ಓಡಿಸುವವನು ಅಶ್ವಥ್. ಆಫೀಸು ಓಡಿಸುವವನು ಅಂಜನಕುಮಾರ. ಆಫೀಸಿನಲ್ಲಿ ಕೂತು ಹಳೆಯ ಊರುಗಳನ್ನು ಹೊಸ ಊರುಗಳಿಗೆ ಹೊಂದಿಸುವವಳು ಸುನೀತಾ.

ಹೊಂದಿಸುವುದು ಅಂದರೆ ಇಷ್ಟೇ. ಹದಿನೈದು ವರ್ಷದ ಹಿಂದೆ ಟ್ರಸ್ಟು ಊರೂರಿಗೆ ಹೋಗಿ ಎಷ್ಟು ಹೆಂಗಸರಿಗೆ ರಕ್ತ ಕಡಿಮೆ ಇದೆ ಎಂದು ಬರೆದುಕೊಂಡಿತ್ತು. ಈ ವರ್ಷ ಮತ್ತೆ ಬರೆದುಕೊಂಡಿತು. ಹಣ ಕೊಡುವ ಕಂಪನಿಯವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು. ನೂರಕ್ಕೆ ನಲವತ್ತಕ್ಕಿಂತ ಕೆಳಗೆ ಇಳಿದ ಊರಿಗೆ ಇನ್ನು ಗಾಡಿ ಬೇಡ. ಅದನ್ನು ಬೇರೆ ಕಡೆ ಕಳಿಸಬೇಕು. ಕೇಳಲಿಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಊರುಗಳು ಹದಿನೈದು ವರ್ಷ ಸುಮ್ಮನೆ ಕೂತಿರಲಿಲ್ಲ.

ಸೋಮವಾರ ಬೆಳಿಗ್ಗೆ ಕರಿಮರಡಿಯ ಹತ್ತಿರ ಬಂದು ಸುನೀತಾಳ ಕೆಲಸ ನಿಂತುಬಿಟ್ಟಿತು.

ಕರಿಮರಡಿ ದಾವಣಗೆರೆಯಿಂದ ಹರಿಹರದ ಕಡೆ ಹೋಗುವಾಗ ಸಿಗುವ ಊರು. ಹಳೆಯ ಲೆಕ್ಕದಲ್ಲಿ ಒಂದೇ ಊರು, ನೂರಕ್ಕೆ ಅರವತ್ತು ಹೆಂಗಸರಿಗೆ ರಕ್ತ ಕಡಿಮೆ. ಆಮೇಲೆ ನಗರ ಬೆಳೆಯುತ್ತ ಬಂದು ಊರಿನ ಮುಕ್ಕಾಲು ಪಾಲನ್ನು ಬಾಯಿಗೆ ಹಾಕಿಕೊಂಡಿತ್ತು. ಜನತಾ ಮನೆಗಳಿದ್ದ ಕಾಲೋನಿ ನಗರದ ವಾರ್ಡಿಗೆ ಹೋಯಿತು. ಉಳಿದ ನಾಲ್ಕು ಓಣಿ ಮಾತ್ರ ಪಂಚಾಯಿತಿಯಲ್ಲಿ ಕರಿಮರಡಿ ಅಂತಲೇ ಉಳಿಯಿತು. ಆ ನಾಲ್ಕು ಓಣಿಯನ್ನೇ ಊರು ಅಂದರೆ, ಲೆಕ್ಕಕ್ಕೆ ಸಾಲದಷ್ಟು ಮನೆಗಳು. ವಾರ್ಡನ್ನೇ ಊರು ಅಂದರೆ, ಕಾರು ನಿಲ್ಲಿಸಲು ಶೆಡ್ಡು ಇರುವ ಹೊಸ ಲೇಔಟಿನ ಹೆಂಗಸರೆಲ್ಲ ಸೇರಿಕೊಂಡು ರಕ್ತಹೀನತೆ ಮೂವತ್ತಕ್ಕೆ ಇಳಿಯುತ್ತಿತ್ತು.

"ಭಾಳ ಚಲೋ ಆತಲ್ಲ!" ಎಂದ ಅಂಜನಕುಮಾರ, ಅವಳ ಪರದೆಗೆ ಬಗ್ಗಿ. ಅವನಿಗೆ ನಕ್ಷೆಯಲ್ಲಿ ಹಸಿರು ಬಣ್ಣ ಕಂಡರೆ ಹಬ್ಬ. "ಅರವತ್ತಿಂದ ಮೂವತ್ತು! ಶುಕ್ರವಾರ ಹರಿಹರದ ಮೀಟಿಂಗಿನಾಗ ಇದನ್ನೇ ಮೊದಲು ತೋರ್ಸಣ."

"ಯಾರೂ ಹುಷಾರಾಗಿಲ್ಲ ಸಾರ್. ಹುಷಾರಿದ್ದೋರು ಬಂದು ಮನಿ ಕಟ್ಯಾರ ಅಷ್ಟೇ."

"ಹಂಗಾದ್ರೆ ಹಳೇ ಊರಿನ ಗೆರಿ ಹಾಕಿ, ಅದರ ಒಳಗಿನ ಮನಿ ಅಷ್ಟೇ ಎಣಿಸು."

"ಗೆರಿ ಎಲ್ಲೈತೆ?"

ಗೆರೆ ಇರಲಿಲ್ಲ. ಹೊಸ ಲೆಕ್ಕದಲ್ಲಿ ಪ್ರತಿ ಮನೆಗೂ ನಕ್ಷೆಯ ಮೇಲೆ ಒಂದು ಚುಕ್ಕಿ ಇತ್ತು. ರಕ್ತ ಕಡಿಮೆ ಇದ್ದ ಮನೆಗೆ ಕೆಂಪು, ಇಲ್ಲದ ಮನೆಗೆ ಹಸಿರು. ಹಳೆಯ ಊರಿನ ಎಲ್ಲೆ ಗೊತ್ತಾದರೆ ಮುಗಿಯಿತು. ಆದರೆ ಟ್ರಸ್ಟಿನವರು ಆ ಕಾಲದಲ್ಲಿ ಗ್ರಾಮ ನಕಾಶೆಯ ಎರಡು ಹಾಳೆಯಲ್ಲಿ ಒಂದನ್ನು ಮಾತ್ರ ಜೆರಾಕ್ಸ್ ಮಾಡಿಸಿದ್ದರು. ಆ ಒಂದು ಹಾಳೆಯಲ್ಲಿದ್ದದ್ದು ಈಗಲೂ ಪಂಚಾಯಿತಿಯಲ್ಲಿರುವ ಭಾಗ. ಹೊಸದಾಗಿ ಅರ್ಜಿ ಹಾಕಿದರೆ ನಕಾಶೆ ಬರುವುದು ಮುಂದಿನ ತಿಂಗಳು. ಸಭೆ ಶುಕ್ರವಾರ.

"ಗೆರಿ ಸಿಗಲಿಲ್ಲಂದ್ರೆ ವಾರ್ಡಿಂದೇ ಇಡು" ಎಂದ ಅಂಜನಕುಮಾರ. "ಗಾಡಿ ಏನು ಸಮುದ್ರಕ್ಕೆ ಬೀಳಂಗಿಲ್ಲ. ಬೇರೆ ಊರಿಗೆ ಹೋಗ್ತೈತೆ. ಅಲ್ಲಿರೋರೂ ಮನುಷ್ಯರೇ."

ಅದು ಸುಳ್ಳಲ್ಲವಾದ್ದರಿಂದ ಸುನೀತಾಗೆ ಇನ್ನಷ್ಟು ಸಿಟ್ಟು ಬಂತು.

ಮಂಗಳವಾರ ಕರಿಮರಡಿಯ ಸರದಿ. ಸುನೀತಾ ಗಾಡಿ ಹತ್ತಿ ಹೊರಟಳು. ಹಳಬರನ್ನು ಕೇಳಿದರೆ ಎಲ್ಲೆ ಗೊತ್ತಾದೀತು ಎಂಬ ಆಸೆ. ಹಳಬರು ಬೇಕಾದಷ್ಟು ಮಂದಿ ಸಿಕ್ಕರು. ಒಬ್ಬ ಕೈ ಪೂರ್ವಕ್ಕೆ ಬೀಸಿದ, ಇನ್ನೊಬ್ಬ ಅದಕ್ಕಿಂತ ಉದ್ದ ಬೀಸಿದ. ಮೂರನೆಯವನು ತನ್ನ ಅಣ್ಣನ ಮೇಲಿನ ಹೊಲದ ಕೇಸು ಶುರು ಮಾಡಿದ.

ಗಾಡಿಯೊಳಗೆ ಶೋಭಾರಾಣಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗಿ, ಆರು ತಿಂಗಳ ಬಸುರಿ, ಮೈಯಲ್ಲಿ ರಕ್ತ ಏಳಕ್ಕೆ ಇಳಿದಿತ್ತು. ಬಾಟಲಿಯಲ್ಲಿ ಏರಿಸುವ ಕಬ್ಬಿಣಾಂಶದ ಔಷಧಿ ಹೆರಿಗೆಯ ತನಕ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ದೊಡ್ಡಾಸ್ಪತ್ರೆಗೆ ಹೋದರೆ ಸಾಲಿನಲ್ಲೇ ದಿನ ಹೋಗುತ್ತದೆ. ದಿನ ಹೋದರೆ ಭಟ್ಟಿಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬರುತ್ತಾಳೆ. ಗಾಡಿ ಬರುವ ಮೊದಲು ಎರಡು ಸಲ ಹೋಗಿ ಮೂರನೆಯ ಸಲ ಬಿಟ್ಟಿದ್ದಳು.

"ಅಕ್ಕಾ, ಇವತ್ತು ಲಗೂನ ಬಿಟ್ಟುಬಿಡ್ರಿ" ಎಂದಳು. "ಮನ್ಯಾಗ ಹಬ್ಬದ ಅಡಿಗಿ ಐತೆ. ನೀವೂ ಹೊತ್ತು ಮುಳುಗೋದ್ರಾಗ ಊರು ಬಿಟ್ಟುಬಿಡ್ರಿ ಮತ್ತ. ನಾಳೆ ಬೆಳಿಗ್ಗೆ ಚರಗ."

"ಚರಗ ಆದ್ರೆ ನಾವ್ಯಾಕ ಬಿಡಬೇಕು?"

"ಅಯ್ಯ, ಗೊತ್ತಿಲ್ಲೇನು? ಅಮ್ಮನ ಚರಗ ಗಡಿ ಸುತ್ತಿ ಬರೋತನಕ ಹೊರಗಿನೋರು ಒಳಗ ಇರಬಾರದು, ಒಳಗಿನೋರು ಹೊರಗ ಹೋಗಬಾರದು. ನನ್ನ ಗಂಡನ್ನೂ ಹರಿಹರದಿಂದ ಇವತ್ತೇ ಬಾ ಅಂದೀನಿ."

ಬೇಯಿಸಿದ ಜೋಳಕ್ಕೆ ಅರಿಶಿನ ಕಲಸಿ, ಮಾರಿಹಬ್ಬದ ಮರುದಿನ ನಸುಕಿನಲ್ಲಿ ಗಂಡಸರು ಊರ ಗಡಿಯುದ್ದಕ್ಕೂ ಚೆಲ್ಲುತ್ತ ಓಡುವುದು ಸುನೀತಾಗೂ ಗೊತ್ತಿತ್ತು. ಅವಳ ಊರಿನಲ್ಲೂ ಚೆಲ್ಲುತ್ತಿದ್ದರು. ಎಂ.ಎಸ್ಸಿ. ಓದಿದ ತಲೆಗೆ ಅದು ಹೊಳೆದಿರಲಿಲ್ಲ, ಅಷ್ಟೇ.

"ಶೋಭಾ, ಆ ಗಡಿ ಎಲ್ಲಿಂದ ಎಲ್ಲಿತನಕ?"

"ಚರಗ ಎಲ್ಲಿತನಕ ಹೋಗ್ತೈತೋ ಅಲ್ಲಿತನಕ" ಎಂದಳು ಶೋಭಾರಾಣಿ, ಇದೆಂಥ ಪ್ರಶ್ನೆ ಎಂಬಂತೆ.

"ನಿಮ್ಮ ಕಾಲೋನಿ ಈಗ ಸಿಟಿ ಒಳಗ ಐತಲ್ಲ?"

"ಸಿಟಿಯೋರಿಗೆ ಹಂಗಂತ. ಅಮ್ಮಗೆ ಯಾರು ಹೇಳ್ಯಾರ?"

ಸುನೀತಾ ಗಾಡಿಯಿಂದ ಜಿಗಿದು ಅಶ್ವಥ್‌ನನ್ನು ಹುಡುಕಿದಳು. ಅವನು ಬೇವಿನ ಮರದ ಕೆಳಗೆ ಮಿರ್ಚಿ ತಿನ್ನುತ್ತಿದ್ದ. ಅವನ ಅವ್ವನ ತವರು ಇದೇ ಕರಿಮರಡಿ, ಹಾಗಾಗಿ ಊರಿನ ಲೆಕ್ಕದಲ್ಲಿ ಅವನು ಹೊರಗಿನವನಲ್ಲ. ಸೋದರಮಾವನ ಮನೆಯಲ್ಲಿ ಇವತ್ತು ಅವನಿಗೂ ಎಲೆ ಹಾಕುವವರಿದ್ದರು.

"ನೀ ನಾಳೆ ಚರಗದಾಗ ಓಡ್ತೀಯೇನೋ?"

"ಓಡಬೇಕು. ನಮ್ಮ ಮಾವ ಬಿಡಂಗಿಲ್ಲ."

"ನನ್ನ ಫೋನು ತಗೊಂಡು ಓಡು. ಹೋದ ದಾರಿನೆಲ್ಲ ಅದು ಗೆರಿ ಹಾಕ್ಕೊಂತ ಬರ್ತೈತೆ. ಒಂದ್ ಹೆಜ್ಜಿನೂ ಆಚೀಚೆ ಆಗಬಾರದು."

ಅಶ್ವಥ್ ಮಿರ್ಚಿ ಕೈಯಲ್ಲಿ ಹಿಡಿದೇ ಯೋಚಿಸಿದ. "ಅಮ್ಮಗೆ ನಡೀತೈತೇನ್ರಿ ಮೇಡಂ, ಫೋನು?"

"ನಿಮ್ಮ ಮಾವ ಹೋದ ಸಲ ಬ್ಲೂಟೂತ್ ಹಾಕ್ಕೊಂಡು ಓಡಿದ್ದ ಅಂತ ನೀನೇ ಹೇಳಿದ್ದಿಯಲ್ಲ."

ಅಶ್ವಥ್ ಉಳಿದ ಮಿರ್ಚಿ ಬಾಯಿಗೆ ಹಾಕಿಕೊಂಡು ಕೈ ಒರೆಸಿಕೊಂಡ. ಫೋನನ್ನು ಟವೆಲ್ಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಳ್ಳುವುದೆಂದು ತೀರ್ಮಾನವಾಯಿತು.

ಬುಧವಾರ ಹೊತ್ತು ಏರಿದ ಮೇಲೆ ಅಶ್ವಥ್ ಆಫೀಸಿಗೆ ಬಂದ. ಹಣೆಗೆ ಭಂಡಾರ, ಕಾಲಿಗೆ ಜಾಲಿಮುಳ್ಳು, ಕೂಗಿ ಕೂಗಿ ಗಂಟಲು ಬಿದ್ದಿತ್ತು. ಮುಂದೆ ಜೋಳದ ಪುಟ್ಟಿ ಹೊತ್ತವರು, ಹಿಂದೆ ಬೇವಿನ ಸೊಪ್ಪು ಹಿಡಿದವರು, "ಹುಲಿಗೋ ಹುಲಿಗೋ" ಎನ್ನುತ್ತ ಹೇಗೆ ಓಡಿದೆವೆಂದು ಅಭಿನಯಿಸಿ ತೋರಿಸಿದ. ಅಂಜನಕುಮಾರ ಕುರ್ಚಿ ಎಳೆದುಕೊಂಡು ಕೂತು ನೋಡಿದ. ಸುನೀತಾ ಅಷ್ಟರಲ್ಲಿ ಫೋನಿನ ಗೆರೆಯನ್ನು ಕಂಪ್ಯೂಟರಿಗೆ ಇಳಿಸಿದಳು.

ಗೆರೆ ಬಂತು. ಪಂಚಾಯಿತಿಯ ನಾಲ್ಕು ಓಣಿಯನ್ನು ಬಳಸಿ, ರೈಲು ಹಳಿಯ ಪಕ್ಕ ಸಾಗಿ, ಕಾಲೋನಿಯ ಬೆನ್ನ ಹಿಂದೆ ತಿರುಗಿ, ವಾರ್ಡಿನ ಎಲ್ಲೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹೊಲಗಳ ಬದುವಿನಲ್ಲಿ ಓಡಿತ್ತು. ಅರ್ಧ ಜೆರಾಕ್ಸಿನ ಗೆರೆಯ ಪಕ್ಕ ಇಟ್ಟರೆ ಆ ಅರ್ಧ ಸರಿಯಾಗಿ ಕೂತಿತು. ಸುನೀತಾಗೆ ಕುಣಿಯಬೇಕು ಅನ್ನಿಸಿತು. ಒಂದು ಕಡೆ ಮಾತ್ರ ಗೆರೆ ಒಳಗೆ ತೂರಿ, ಗಿರಗಿರನೆ ಸುತ್ತಿ ಹೊರಗೆ ಬಂದಿತ್ತು.

"ಇದೇನೋ ಇದು?"

"ಅದು... ನಮ್ಮ ಮಾವನ ಮನಿ. ನೀರು ಕುಡಿಯಾಕ ಹೋಗಿದ್ದೆ."

"ನೀರು ಕುಡಿಯಾಕ ಮನಿ ಸುತ್ತ ಮೂರು ಸುತ್ತು ಹಾಕಿಯೇನು?"

"ನಾಯಿ ಅಟ್ಟಿಸ್ಕೊಂಡು ಬಂತ್ರಿ."

ನಾಯಿಯ ಸುತ್ತನ್ನು ಅಳಿಸಿ, ಗೆರೆಯೊಳಗಿನ ಚುಕ್ಕಿಗಳನ್ನು ಎಣಿಸಿದಳು. ನೂರಕ್ಕೆ ಮೂವತ್ತಾರು ಕೆಂಪು ಬಂತು. ಇನ್ನೊಮ್ಮೆ ಎಣಿಸಿದಳು. ಮೂವತ್ತಾರೇ. ನಲವತ್ತಕ್ಕಿಂತ ಕೆಳಗೆ, ಅಂದರೆ ಕರಿಮರಡಿಗೆ ಗಾಡಿ ಇಲ್ಲ.

ಆಗ ಕಂಡಿತು. ದಕ್ಷಿಣಕ್ಕೆ, ಹಳ್ಳದ ಆಚೆ, ಗೆರೆ ದೊಡ್ಡ ಜೋಳಿಗೆಯ ಹಾಗೆ ಜೋತುಬಿದ್ದಿತ್ತು. ಎಲ್ಲ ಕಡೆ ಬದು ಹಿಡಿದು ಬಂದ ಗೆರೆ ಅಲ್ಲಿ ಹಳ್ಳ ದಾಟಿ, ಡಾಂಬರು ರಸ್ತೆ ಹಿಡಿದು, ಹೊಸ ಲೇಔಟನ್ನೆಲ್ಲ ತಬ್ಬಿ ವಾಪಸು ಬಂದಿತ್ತು. ಜೋಳಿಗೆಯ ತುಂಬ ಹಸಿರು ಚುಕ್ಕಿ.

"ಅಶ್ವಥ್, ಇಲ್ಲಿ ಯಾವ ನಾಯಿ ಬಂತು? ಅಥವಾ ಇಲ್ಲೂ ಒಬ್ಬ ಮಾವ ಇದ್ದಾನೇನು?"

"ದೇವರಾಣೆ ನಾನೊಬ್ಬನೇ ಹೋಗಿಲ್ರಿ! ಎಲ್ಲಾರೂ ಹೋದ್ವಿ. ಚರಗ ಅಲ್ಲಿ ಭರಮಣ್ಣಾರ ಛತ್ರದ ಮುಂದೆ ನಿಂತು, ಕಾಯಿ ಒಡೆದು, ಬೆಲ್ಲದ ಪಾನಕ ಕುಡಿದು ಬಂದೈತೆ. ಪಾನಕ ಭಾಳ ಚಲೋ ಇತ್ತು."

ಭರಮಣ್ಣ ಕರಿಮರಡಿಯ ಹಿರಿಯ. ಹಬ್ಬ ಯಾವಾಗ, ಚರಗ ಯಾವ ದಾರಿ ಎಂಬುದೆಲ್ಲ ಅವನ ಮನೆಯ ಕಟ್ಟೆಯ ಮೇಲೆ ತೀರ್ಮಾನ. ಲೇಔಟಿನ ಬಾಯಲ್ಲಿ ಮದುವೆ ಛತ್ರ ಕಟ್ಟಿಸಿ ಎಂಟು ವರ್ಷವಾಗಿತ್ತು. ಜೋಳಿಗೆ ಹೊಸದೆಂದು ತಿಳಿಯಲು ಸುನೀತಾಗೆ ಕಾಗದವೇ ಬೇಕಿರಲಿಲ್ಲ. ಡಾಂಬರು ರಸ್ತೆಯೇ ಸಾಕಾಯಿತು. ಹದಿನೈದು ವರ್ಷದ ಹಿಂದೆ ಅಲ್ಲಿ ರಸ್ತೆಯೇ ಇರಲಿಲ್ಲ. ಅಂದಮೇಲೆ ಚರಗದ ಗೆರೆಯೂ ಸುಮ್ಮನೆ ಕೂತಿರಲಿಲ್ಲ. ಜಿಲ್ಲೆಯ ಹಾಗೆ, ವಾರ್ಡಿನ ಹಾಗೆ ಅದೂ ಬೆಳೆದಿತ್ತು.

"ಇಷ್ಟಕ್ಕೆ ಯಾಕ ತಲಿ ಕೆಡಿಸ್ಕೊಂತಿ?" ಎಂದ ಅಂಜನಕುಮಾರ. "ಆ ಜೋಳಿಗಿ ಕತ್ತರಿಸಿ ಹಾಕು. ನೀನೇ ಹಳ್ಳದ ಮ್ಯಾಲೆ ಒಂದು ಗೆರಿ ಎಳಿ. ಎಷ್ಟು ಬರ್ತೈತೆ?"

"ಐವತ್ತೈದು."

"ಮುಗೀತು ಬಿಡು."

"ಮೀನಾಕ್ಷಿ ಮೇಡಂ ಕೇಳಂಗಿಲ್ಲೇನು ಸಾರ್, ಇದು ಯಾರು ಎಳೆದ ಗೆರಿ ಅಂತ? ಗಾಡಿ ಉಳಿಸಾಕ ನೀವೇ ಎಳೆದಿರಿ ಅಂದ್ರೆ?"

ಮೀನಾಕ್ಷಿ ಕಂಪನಿಯ ಕಡೆಯಿಂದ ಬರುವ ಅಧಿಕಾರಿ. ಕಳೆದ ವರ್ಷ ಅಂಜನಕುಮಾರನ ಒಂದು ಬಣ್ಣದ ನಕ್ಷೆಗೆ ಇಪ್ಪತ್ತು ಪ್ರಶ್ನೆ ಕೇಳಿದ್ದವಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಹಂಗಾದ್ರೆ ಭರಮಣ್ಣನ ಬಾಯಿಂದಲೇ ಹೇಳ್ಸು. ಚರಗದ ಯಜಮಾನ ಹೇಳಿದ್ರೆ ಯಾರೂ ಕೇಳಂಗಿಲ್ಲ."

ಗುರುವಾರ ಸುನೀತಾ, ಅಶ್ವಥ್ ಇಬ್ಬರೂ ಭರಮಣ್ಣನ ಕಟ್ಟೆ ಹತ್ತಿದರು.

"ಬರ್ರಿ, ಕೂಡ್ರಿ" ಎಂದ ಭರಮಣ್ಣ. ಬಿಳಿ ಪಂಚೆ, ಬಿಳಿ ಮೀಸೆ, ಅಂಗಳದಲ್ಲಿ ಬಿಳಿ ಕಾರು. ಹೆಂಡತಿ ಕಾಳವ್ವ ಬಾಗಿಲಿಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು.

ಸುನೀತಾ ನಕ್ಷೆ ತೋರಿಸಿದಳು. ಕೆಂಪು ಚುಕ್ಕಿ, ಹಸಿರು ಚುಕ್ಕಿ, ಜೋಳಿಗೆ, ಎಲ್ಲ ಹೇಳಿದಳು. ಭರಮಣ್ಣ ತಲೆದೂಗುತ್ತ ಕೇಳಿದ.

"ಮೊದಲು ಚರಗ ಹಳ್ಳದ ದಂಡಿ ಹಿಡಿದು ತಿರುಗ್ತಿತ್ತು ಅಲ್ಲೇನ್ರಿ ಯಜಮಾನ್ರೆ?"

"ಹೌದು. ಹಳ್ಳದ ಆಚೆ ಬ್ಯಾರೆ ಊರಿನ ಹೊಲ."

"ಇದನ್ನೇ ನಾಳೆ ಹರಿಹರದಾಗ ಹೇಳಬೇಕು. ನಿಮ್ಮ ಛತ್ರ ಹಳೇ ಗಡಿ ಹೊರಗ ಐತೆ ಅಂತ."

ತಲೆದೂಗುವುದು ನಿಂತಿತು. "ಅದೆಂಗ ಹೇಳಾಕ ಬರ್ತೈತವಾ? ಲೇಔಟಿನೋರು ಬಂದು, ನಮ್ಮನ್ನೂ ಗಡಿ ಒಳಗ ತಗೊಳ್ರಿ ಅಂತ ಕೇಳ್ಕೊಂಡಾರ. ಅವರ ಮದುವಿ, ಸೀಮಂತ, ನಾಮಕರಣ ಎಲ್ಲಾ ನನ್ನ ಛತ್ರದಾಗ. ಅಮ್ಮನ ಕಾವಲು ಇರೋ ಛತ್ರ ಅಂತ ಬೋರ್ಡ್ ಬರೆಸೀನಿ. ಈಗ ನಾನೇ ಹೋಗಿ ಹೊರಗ ಐತೆ ಅಂದ್ರೆ?"

"ಈಗ ಒಳಗೇ ಇರ್ಲಿ ಬಿಡ್ರಿ. ಹದಿನೈದು ವರ್ಷದ ಹಿಂದೆ ಹೊರಗ ಇತ್ತು ಅಂದ್ರೆ ಸಾಕು."

"ಜನ ಅಷ್ಟು ನಾಜೂಕಾಗಿ ಕೇಳಿಸ್ಕೊಳಂಗಿಲ್ಲ ತಂಗಿ. ಹೊರಗ ಅನ್ನೋದು ಅಷ್ಟೇ ಕೇಳಿಸ್ಕೊಂತಾರ. ಬ್ಯಾಡ, ಬಿಟ್ಟುಬಿಡು."

ಅಶ್ವಥ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾಳವ್ವ ಅವರೆಕಾಯಿಯ ಮೊರ ಕೆಳಗಿಟ್ಟಳು.

"ಬಿಡ್ಲಿ ಬಿಡು. ಗಾಡಿ ಹೋಗ್ಲಿ" ಎಂದಳು ಗಂಡನಿಗೆ. "ಕಾರಿನ ಸೀಟಿಗೆ ಮತ್ತ ಹಳೇ ಕಂಬಳಿ ಹಾಸಿಡ್ತೀನಿ."

"ಯಾಕ?"

"ಯಾಕಂತ ಕೇಳ್ತಾನ! ಈ ಗಾಡಿ ಬರೋಕ ಮುಂಚೆ ಕಾಲೋನಿ ಹೆಣಮಕ್ಳಿಗೆ ಎಚ್ಚರ ತಪ್ಪಿದ್ರೆ ಯಾರ ಕಾರು ಹೋಗ್ತಿತ್ತು? ಹಿರೇರು, ಹಿರೇರು ಅಂತ ಯಾರ ಬಾಗಿಲು ಬಡೀತಿದ್ರು? ಕಡೀ ಸಲ ಒಯ್ದ ಬಸುರಿ ಸೀಟಿನ ಮ್ಯಾಲೇ ಹಡೆದ್ಲು. ತೊಳಿಸಿಕೊಂಡು ಬಂದು ತಿಂಗಳಾದ್ರೂ ನೀನೇ ಅದರಾಗ ಕೂಡ್ರಲಿಲ್ಲ. ಶೋಭಾರಾಣಿಗೆ ಈಗ ಆರು ತಿಂಗಳು. ಇನ್ನಾ ಮೂರು ಅದಾವು."

ಭರಮಣ್ಣ ಅಂಗಳದ ಬಿಳಿ ಕಾರನ್ನು ನೋಡಿದ. ಇದು ಹೊಸ ಕಾರು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ.

"ಹರಿಹರದಾಗ ಹೇಳಿದ್ದು ಲೇಔಟಿನೋರಿಗೆ ಹೆಂಗ ಗೊತ್ತಾಗ್ತೈತೆ?" ಎಂದು ಸುಮ್ಮನೆ ಗಾಳಿಯನ್ನು ಕೇಳಿದ.

"ನಾವಂತೂ ಹೇಳಂಗಿಲ್ರಿ" ಎಂದ ಅಶ್ವಥ್.

"ನಿನಗ ಪಾನಕ ಕುಡಿಸಿದ್ದು ತಪ್ಪಾತು" ಎಂದ ಭರಮಣ್ಣ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಶುಕ್ರವಾರ ಹರಿಹರದಲ್ಲಿ ಟ್ರಸ್ಟಿನ ಹಳೆಯ ಕಟ್ಟಡದ ಮೇಲಿನ ಕೋಣೆ. ಕಿಟಕಿ ತೆರೆದರೆ ತುಂಗಭದ್ರೆಯ ಸೇತುವೆಯ ಲಾರಿ ಸದ್ದು, ಮುಚ್ಚಿದರೆ ಸೆಕೆ. ಮೀನಾಕ್ಷಿ ಕಿಟಕಿ ಮುಚ್ಚಿಸಿ ಸೆಕೆಯನ್ನೇ ಆರಿಸಿಕೊಂಡಳು. ಅಂಜನಕುಮಾರ ಹಸಿರು ಊರುಗಳನ್ನು ಒಂದೊಂದಾಗಿ ದಾಟಿಸಿ ಕರಿಮರಡಿಗೆ ಬರುವ ಹೊತ್ತಿಗೆ ಬೆವರುತ್ತಿದ್ದ. ಭರಮಣ್ಣ ಬಂದಿರಲಿಲ್ಲ.

"ಇದೊಂದು ಊರಿಗೆ ಮಾತ್ರ ಬೇರೆ ಗಡಿ ಯಾಕೆ ಹಾಕಿದ್ದೀರಿ?" ಎಂದಳು ಮೀನಾಕ್ಷಿ.

ಸುನೀತಾ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಅರ್ಧ ಜೆರಾಕ್ಸು, ಚರಗ, ಫೋನು, ಜೋಳಿಗೆ. ನಾಯಿಯನ್ನು ಮಾತ್ರ ಬಿಟ್ಟಳು. ಜೋಳಿಗೆ ಸೇರಿಸಿದರೆ ಮೂವತ್ತಾರು, ಬಿಟ್ಟರೆ ಐವತ್ತೈದು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟಳು.

"ಚೆನ್ನಾಗಿದೆ. ಆದರೆ ಜೋಳಿಗೆ ಹೊಸದು ಅಂತ ಹೇಳುತ್ತಿರುವುದು ನೀವು. ಗಾಡಿ ಉಳಿಯಲಿ ಅಂತಿರುವವರೂ ನೀವೇ. ಅಲ್ಲವಾ?"

"ಹೌದು ಮೇಡಂ" ಎಂದಳು ಸುನೀತಾ. ಬೇರೆ ಏನು ಹೇಳುವುದು?

ಮೀನಾಕ್ಷಿ ಪೆನ್ನಿನ ಮುಚ್ಚಳ ತೆಗೆದಳು. ಆಗ ಮೆಟ್ಟಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಬಾಗಿಲಲ್ಲಿ ಬಿಳಿ ಮೀಸೆ ಕಾಣಿಸಿತು.

"ಸೇತುವಿ ಮ್ಯಾಲೆ ಲಾರಿ ಕೆಟ್ಟು ನಿಂತಿತ್ತು" ಎಂದ ಭರಮಣ್ಣ. ದಾವಣಗೆರೆಯ ಕಡೆಯಿಂದ ಬರುವವರಿಗೆ ಸೇತುವೆ ಅಡ್ಡ ಬರುವುದೇ ಇಲ್ಲ ಎಂದು ಯಾರೂ ಹೇಳಲಿಲ್ಲ. ಹೊಳೆಯ ತನಕ ಹೋಗಿ, ಮನಸ್ಸು ಮಾಡಿ ಬಂದಿದ್ದ ಅಂತ ಕಾಣುತ್ತದೆ.

"ಚರಗದ ಹಿರೇರು ನೀವೇನಾ?" ಎಂದಳು ಮೀನಾಕ್ಷಿ.

"ನಮ್ಮಪ್ಪ ಇದ್ದ, ಈಗ ನಾನು."

"ಈ ಛತ್ರ ಇರುವ ಜಾಗ ಹದಿನೈದು ವರ್ಷದ ಹಿಂದೆ ನಿಮ್ಮ ಊರಿನ ಗಡಿಯ ಒಳಗಿತ್ತಾ, ಹೊರಗಿತ್ತಾ?"

ಭರಮಣ್ಣ ಗೋಡೆಯ ಮೇಲಿನ ನಕ್ಷೆಯನ್ನು ನೋಡಿದ, ಮುಚ್ಚಿದ ಕಿಟಕಿಯನ್ನು ನೋಡಿದ, ಕೋಣೆಯಲ್ಲಿದ್ದವರಲ್ಲಿ ಲೇಔಟಿನ ಮುಖ ಯಾವುದಾದರೂ ಇದೆಯೇ ಎಂದು ಒಂದೊಂದೇ ಮುಖ ನೋಡಿದ.

"ಹೊರಗಿತ್ತು. ಚರಗ ಹಳ್ಳದ ದಂಡಿಗೇ ತಿರುಗ್ತಿತ್ತು. ಛತ್ರ ಕಟ್ಟಿಸಿದ ಮ್ಯಾಲೆ ನಾನೇ ಆಚೆ ಒಯ್ದೆ." ಒಂದು ಸಲ ಕೆಮ್ಮಿದ. "ಆದ್ರೆ ಈಗ ಒಳಗ ಐತೆ. ಅದನ್ನೂ ಬರಕೊಳ್ರಿ. ಮುಂದಿನ ಸಲಾನೂ ಹೋಗ್ತೈತೆ."

"ಇದಕ್ಕೆ ಸಹಿ ಮಾಡುತ್ತೀರಾ?"

"ಸಹಿ ಮಾಡಿದ್ದು ಹರಿಹರ ದಾಟಂಗಿಲ್ಲ ಅಂದ್ರೆ ಮಾಡ್ತೀನಿ."

ಅವನು ಸಹಿ ಮಾಡಿದ. ಮೀನಾಕ್ಷಿ ಐವತ್ತೈದರ ಪಕ್ಕ ಗುರುತು ಹಾಕಿದಳು. ಇಷ್ಟಕ್ಕೇ ಸುಮ್ಮನಾಗುವವಳಲ್ಲ. ಗಾಡಿ ಬೇವಿನ ಮರದ ಕೆಳಗೆ ನಿಲ್ಲುತ್ತದೆಂದು ಗೊತ್ತಾದ ಕೂಡಲೇ ತಕರಾರು ತೆಗೆದಳು. ಬಸುರಿಯರಿಗೆ ಕೂರಲು ಜಾಗ ಬೇಕು, ನೀರು ಬೇಕು, ಶೌಚಾಲಯ ಬೇಕು. ಇಲ್ಲದಿದ್ದರೆ ಮಂಜೂರು ಇಲ್ಲ. ಕರಿಮರಡಿಯ ಆಸುಪಾಸಿನಲ್ಲಿ ಇವೆಲ್ಲ ಇರುವ ಜಾಗ ಎಲ್ಲಿದೆ?

ಕೋಣೆಯಲ್ಲಿದ್ದ ಎಲ್ಲರೂ ಭರಮಣ್ಣನ ಮುಖ ನೋಡಿದರು.

"ಮಂಗಳವಾರ ಮುಹೂರ್ತ ಇರಂಗಿಲ್ಲ" ಎಂದ ಭರಮಣ್ಣ, ಸೋತವನ ದನಿಯಲ್ಲಿ. "ನಿಲ್ಲಿಸ್ಕೊಳ್ರಿ. ಆದ್ರೆ ಅಂಗಳದಾಗ. ಒಳಗ ಟೈಲ್ಸ್ ಹಾಕ್ಸೀನಿ."

ಆಫೀಸಿಗೆ ಮರಳಿದ ಮೇಲೆ ಸುನೀತಾ ತನ್ನ ಕಡತದಲ್ಲಿ ಪ್ರತಿ ಊರಿನ ಗೆರೆಯ ಮುಂದೆ ಎರಡು ಹೊಸ ಅಂಕಣ ಸೇರಿಸಿದಳು: ಯಾವ ವರ್ಷದಿಂದ, ಯಾವ ವರ್ಷದ ತನಕ. ಕರಿಮರಡಿಗೆ ಎರಡು ಗೆರೆ ಬಿದ್ದವು. ಮೊದಲನೆಯದರ ಕೊನೆಯ ವರ್ಷ ಛತ್ರ ಕಟ್ಟಿದ ವರ್ಷ. ಎರಡನೆಯದರ ಕೊನೆಯ ವರ್ಷ ಖಾಲಿ. ಅಂಜನಕುಮಾರ ಬಂದು ಬಗ್ಗಿ ನೋಡಿ, ಇಷ್ಟು ಕೆಂಪು ಬೇಕಿತ್ತಾ ಎಂದು ಕೇಳಿ ಹೋದ.

ಮಂಗಳವಾರ ಅಶ್ವಥ್ ಗಾಡಿಯನ್ನು ಛತ್ರದ ಅಂಗಳದಲ್ಲಿ ನಿಲ್ಲಿಸಿದ. "ಅಮ್ಮನ ಕಾವಲು ಇರುವ ಛತ್ರ" ಎಂಬ ಬೋರ್ಡಿನ ನೆರಳು ಸರಿಯಾಗಿ ಗಾಡಿಯ ಮೇಲೆ ಬಿದ್ದಿತ್ತು. ಶೋಭಾರಾಣಿ ಭಟ್ಟಿಯ ಬೂದಿ ಮೆತ್ತಿದ ಸೀರೆಯಲ್ಲೇ ಕಾಲೋನಿಯಿಂದ ನಡೆದು, ಹಳ್ಳದ ಕಾಲುಸೇತುವೆ ದಾಟಿ ಬಂದಳು. ಅವಳ ಹಿಂದೆ ಲೇಔಟಿನ ಇಬ್ಬರು ಹೆಂಗಸರೂ ಬಂದು, ನಮ್ಮದೂ ರಕ್ತ ನೋಡುತ್ತೀರಾ ಎಂದು ವಿಚಾರಿಸಿದರು.

"ಬರ್ರಿ, ಬರ್ರಿ" ಎಂದ ಭರಮಣ್ಣ, ಛತ್ರದ ಕುರ್ಚಿಗಳನ್ನು ತಾನೇ ಹೊರಗೆ ಎಳೆದು ಹಾಕುತ್ತ. ಸುನೀತಾಳ ಪಕ್ಕ ಬಂದಾಗ ದನಿ ತಗ್ಗಿಸಿದ. "ಇವರನ್ನ ಹೆಂಗ ಬರಕೊಂತೀಯವ್ವಾ? ಒಳಗೋ, ಹೊರಗೋ?"

"ಒಳಗ" ಎಂದಳು ಸುನೀತಾ. "ಎರಡನೇ ಗೆರಿ ಒಳಗ."

ಅವನಿಗೆ ಅಷ್ಟೇ ಬೇಕಿತ್ತು. ಶೋಭಾರಾಣಿಗೆ ಕುರ್ಚಿಯ ಧೂಳನ್ನು ಟವೆಲ್ಲಿನಿಂದ ಒರೆಸಿಕೊಟ್ಟು, ಟೈಲ್ಸ್ ಹತ್ತಿರ ಹೋಗಬೇಡ ಎಂದು ಕೈ ತೋರಿಸಿದ.